ಸೋಫಾ ನಕ್ಕರೆ ಕುರ್ಚಿ ನಗಬೇಕು

ದಾವಣಗೆರೆಯಲ್ಲಿ ನಗೆಹಬ್ಬ ಏರ್ಪಡಿಸುವವರು ಹಾಸ್ಯ ಭಾಷಣಕಾರರಿಗಿಂತ ಮೊದಲು ಸೋಫಾಗಳನ್ನು ಗೊತ್ತುಮಾಡಬೇಕಾಗುತ್ತದೆ. ಭಾಷಣಕಾರರು ತಡವಾಗಿ ಬಂದರೆ ಸ್ವಾಗತ ಭಾಷಣವನ್ನು ಎಳೆದು ಹೇಗೋ ನಿಭಾಯಿಸಬಹುದು. ಮುಂದಿನ ಸಾಲಿನಲ್ಲಿ ಬಿಳಿಯ ಟರ್ಕಿ ಟವೆಲ್ ಹೊದಿಸಿದ ಸೋಫಾ ಒಂದು ಕಡಿಮೆ ಬಿದ್ದರೆ ಮರುವರ್ಷ ದೇಣಿಗೆಯೇ ಹುಟ್ಟುವುದಿಲ್ಲ. ಸೋಫಾಗಳ ಮುಂದೆ ಟೀಪಾಯಿ, ಅದರ ಮೇಲೆ ನೀರಿನ ಬಾಟಲಿ ಮತ್ತು ಗೋಡಂಬಿಯ ತಟ್ಟೆ. ಹಿಂದೆ ಪಾಸ್ ಇದ್ದವರಿಗೆ ಮೆತ್ತೆಯ ಕುರ್ಚಿ. ಅದರ ಹಿಂದೆ ಪಾಸ್ ಇಲ್ಲದವರಿಗೆ ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ. ಎಲ್ಲಕ್ಕಿಂತ ಹಿಂದೆ, ಮಂಡಿಪೇಟೆಯಲ್ಲಿ ದಿನವಿಡೀ ಮೂಟೆ ಹೊತ್ತ ಹಮಾಲರು, ಆಟೋ ಬದಿಗಿಟ್ಟು ಬಂದವರು, ಅಂಗಡಿಯ ಬಾಗಿಲೆಳೆದ ಹುಡುಗರು ಕೈಕಟ್ಟಿಕೊಂಡು ನಿಂತಿರುತ್ತಾರೆ. ಊರಿನವರ ಆರ್ಥಿಕ ಸ್ಥಿತಿಗತಿಯನ್ನು ಇಷ್ಟು ಅಚ್ಚುಕಟ್ಟಾಗಿ ಸಾಲು ಹಿಡಿಸಿ ತೋರಿಸುವ ಇನ್ನೊಂದು ಸಾರ್ವಜನಿಕ ವ್ಯವಸ್ಥೆ ನಮ್ಮಲ್ಲಿಲ್ಲ.

ಭಾಷಣಕಾರರು, ಜಗಳೂರು ಕಡೆಯ ಅಜ್ಜನೊಬ್ಬ ಮಾಲ್‌ನ ಎಸ್ಕಲೇಟರ್ ಮುಂದೆ ಚಪ್ಪಲಿ ಬಿಟ್ಟು ಕೈಮುಗಿದ ಪ್ರಸಂಗವನ್ನು ಹೇಳುತ್ತಾರೆ. ಸೋಫಾ ನಗುತ್ತದೆ. ಸೋಫಾ ನಕ್ಕಿದ್ದನ್ನು ಬೆನ್ನ ಕಡೆಯಿಂದಲೇ ಗುರುತಿಸಿ ಮೆತ್ತೆಯ ಕುರ್ಚಿ ನಗುತ್ತದೆ, ಅದನ್ನು ಕೇಳಿ ಪ್ಲಾಸ್ಟಿಕ್ ಕುರ್ಚಿ ನಗುತ್ತದೆ, ಕೊನೆಗೆ ಜಗಳೂರು ಕಡೆಯಿಂದಲೇ ಕೂಲಿಗೆ ಬಂದು ಹಿಂದೆ ನಿಂತಿರುವವನೂ ತನ್ನ ಅಜ್ಜನನ್ನು ನೆನೆದು ನಗುತ್ತಾನೆ. ಇದೇ ಉತ್ಸಾಹದಲ್ಲಿ ಭಾಷಣಕಾರರು, ಮೆಕ್ಕೆಜೋಳದ ಚೀಲ ದಲಾಲಿ ಅಂಗಡಿಯ ತಕ್ಕಡಿ ಏರಿದೊಡನೆ ಹೇಗೆ ಹಗುರವಾಗುತ್ತದೆ ಎಂಬ ಇನ್ನೊಂದು ಪ್ರಸಂಗಕ್ಕೆ ಕೈಹಾಕಿದರು ಎಂದುಕೊಳ್ಳೋಣ. ಈಗ ಹಿಂದೆ ನಿಂತವರು ಮಾತ್ರ ನಗುತ್ತಾರೆ, ಕುರ್ಚಿಗಳು ಕೆಮ್ಮುತ್ತವೆ, ಸೋಫಾ ಗೋಡಂಬಿಯ ಕಡೆ ಕೈಚಾಚುತ್ತದೆ. ಅನುಭವಸ್ಥರಾದ ಭಾಷಣಕಾರರು ಒಂದೇ ಕ್ಷಣದಲ್ಲಿ ಪರಿಸ್ಥಿತಿಯನ್ನು ಅರ್ಥಮಾಡಿಕೊಂಡು ತಮ್ಮ ಹೆಂಡತಿಯ ಅಡುಗೆಯ ವಿಷಯಕ್ಕೆ ಹೊರಳುತ್ತಾರೆ, ಏಕೆಂದರೆ ಹೆಂಡತಿ ಯಾವ ಸೋಫಾದ ಮೇಲೆ ಕುಳಿತಿದ್ದರೂ ಆಕೆಯನ್ನು ಕುರಿತು ನಗಲು ಎಲ್ಲ ಸಾಲುಗಳಿಗೂ ಸಮಾನ ಹಕ್ಕಿದೆ.

ಅಮೆರಿಕದ ಸಿಬಿಎಸ್ ಟಿವಿ ಸಂಸ್ಥೆಯಲ್ಲಿ ಧ್ವನಿ ಎಂಜಿನಿಯರ್ ಆಗಿದ್ದ ಚಾರ್ಲ್ಸ್ ಡಗ್ಲಸ್ ಈ ವ್ಯವಸ್ಥೆಯನ್ನು ಕಂಡಿದ್ದರೆ ಅಷ್ಟೊಂದು ಶ್ರಮಪಡುತ್ತಿರಲಿಲ್ಲ. 1950ರ ದಶಕದಲ್ಲಿ ಅವರಿಗಿದ್ದ ತೊಂದರೆಯೆಂದರೆ, ಸ್ಟುಡಿಯೋಗೆ ಬಂದ ಪ್ರೇಕ್ಷಕರು ನಗಬೇಕಾದಲ್ಲಿ ಸುಮ್ಮನಿರುವುದು, ಸುಮ್ಮನಿರಬೇಕಾದಲ್ಲಿ ಅತಿಯಾಗಿ ನಗುವುದು. ಅದಕ್ಕೆ ಪರಿಹಾರವಾಗಿ ಅವರು ಬೆರಳಚ್ಚು ಯಂತ್ರದಂತೆ ಕೀಲಿಗಳಿದ್ದ, ಮೊದಲೇ ಮುದ್ರಿಸಿಟ್ಟ ನಗೆಯನ್ನು ಕೇಳಿಸುವ ಒಂದು ನಗೆಪೆಟ್ಟಿಗೆಯನ್ನು ಕಟ್ಟಿದರು. ಒಂದು ಕೀಲಿ ಒತ್ತಿದರೆ ಮುಗುಳ್ನಗೆ, ಇನ್ನೊಂದಕ್ಕೆ ಹೊಟ್ಟೆ ಹಿಡಿದು ನಗುವ ನಗೆ. ನಗು ಎಷ್ಟು ಹೊತ್ತು ಇರಬೇಕೆಂಬುದನ್ನು ಕಾಲಿನ ಪೆಡಲ್ ನಿರ್ಧರಿಸುತ್ತಿತ್ತು. ಆ ಪೆಟ್ಟಿಗೆಗೆ ಬೀಗ ಹಾಕಿ, ಒಳಗೇನಿದೆ ಎಂಬುದನ್ನು ಯಾರಿಗೂ ತೋರಿಸದೆ, ಸ್ಟುಡಿಯೋದಿಂದ ಸ್ಟುಡಿಯೋಗೆ ಕೊಂಡೊಯ್ದು ಅವರು ವರ್ಷಗಟ್ಟಲೆ ಇಡೀ ದೇಶವನ್ನು ನಗಿಸಿದರು. ನಮ್ಮಲ್ಲಿ ಅದೇ ಕೆಲಸವನ್ನು ಬೀಗವಿಲ್ಲದ ನಾಲ್ಕು ಸೋಫಾಗಳು, ವಿದ್ಯುತ್ ಇಲ್ಲದಿದ್ದಾಗಲೂ, ಮಾಡುತ್ತಿವೆ.

ಸೋಫಾದ ಮಹಿಮೆ ಸಭಾಂಗಣಕ್ಕಷ್ಟೇ ಸೀಮಿತವಲ್ಲ. ಟಿವಿಯಲ್ಲಿ ಬರುವ ಹಾಸ್ಯ ಧಾರಾವಾಹಿಗಳನ್ನು ಗಮನಿಸಿ ನೋಡಿ; ಭಾಷೆ ಯಾವುದಾದರೂ ಇರಲಿ, ಮನೆಯ ಸೆಟ್ಟಿನ ನಟ್ಟನಡುವೆ ಕ್ಯಾಮೆರಾಕ್ಕೆ ಮುಖಮಾಡಿದ ಒಂದು ಸೋಫಾ ಇರುತ್ತದೆ. ಮನೆಯ ಯಜಮಾನ, ಯಜಮಾನಿ, ಅಳಿಯ, ಪಕ್ಕದ ಮನೆಯವರು ಎಲ್ಲರೂ ಬಂದು ಅದರ ಮೇಲೆ ಕೂರುತ್ತಾರೆ, ಆದರೆ ಯಾರೂ ಕುಳಿತಿದ್ದಕ್ಕಾಗಿ ನಗು ಬರುವುದಿಲ್ಲ. ಕುಳಿತು ಏನಾದರೂ ಚಮತ್ಕಾರದ ಮಾತಾಡಿದರೆ ಮಾತ್ರ ಬರುತ್ತದೆ. ಮನೆಗೆಲಸದಾಕೆ ಮಾತ್ರ ಇದಕ್ಕೆ ಹೊರತು. ಆಕೆ ಏನೂ ಮಾತಾಡಬೇಕಾಗಿಲ್ಲ, ಕಾಫಿಯ ತಟ್ಟೆಯನ್ನು ಕೆಳಗಿಟ್ಟು ಸೋಫಾದ ಮೇಲೆ ಕುಳಿತರೆ ಸಾಕು, ನಗೆಪೆಟ್ಟಿಗೆ ತಾನೇ ತಾನಾಗಿ ಭೋರ್ಗರೆಯುತ್ತದೆ. ಒಬ್ಬ ಮನುಷ್ಯಳು ಸೋಫಾದ ಮೇಲೆ ಕುಳಿತದ್ದರಲ್ಲಿ ನಗುವಂಥದ್ದೇನಿದೆ ಎಂದು ಕೇಳುವವರು ಬೇರೆ ಲೋಕದಿಂದ ಬಂದವರಾಗಿರಬೇಕು. ದಾವಣಗೆರೆಯ ಯಾವ ಮನೆಯಲ್ಲೂ ಇದನ್ನು ವಿವರಿಸಬೇಕಾಗಿಲ್ಲ, ಏಕೆಂದರೆ ಆ ದೃಶ್ಯ ಟಿವಿಯಲ್ಲಿ ಬರುತ್ತಿರುವಾಗ ವಿದ್ಯಾನಗರದ ಮನೆಯೊಡತಿ ಸೋಫಾದ ಮೇಲೆ ಕುಳಿತೂ, ಕಸಮುಸುರೆಯಾಕೆ ನಡುಮನೆಯ ಬಾಗಿಲಿನ ಹತ್ತಿರ ನೆಲದ ಮೇಲೆ ಕುಳಿತೂ ಒಟ್ಟಿಗೇ ನಗುತ್ತಿರುತ್ತಾರೆ. ಒಂದೇ ಮನೆ, ಒಂದೇ ಟಿವಿ, ಒಂದೇ ನಗೆ. ಸಮಾನತೆಗೆ ಅಡ್ಡವಾಗಿರುವುದು ಸೋಫಾದ ಎತ್ತರ ಮಾತ್ರ.

ಆ ಕಸಮುಸುರೆಯಾಕೆಯ ಹೆಸರನ್ನೂ ಸ್ವಲ್ಪ ವಿಚಾರಿಸಬೇಕು. ಅವಳ ಹೆತ್ತವರು ಇಟ್ಟ ಹೆಸರೂ ಮನೆಯೊಡತಿಯ ಅತ್ತೆಯ ಹೆಸರೂ ಒಂದೇ ಆಗಿಬಿಟ್ಟರೆ, ಪಾತ್ರೆ ತೊಳೆಯುವವಳನ್ನು ಆ ಹೆಸರಿನಿಂದ ಕೂಗುವುದು ಅತ್ತೆಗೆ ಅಗೌರವವೆಂದು, ಕೂಗದಿರುವುದು ಪಾತ್ರೆಗಳಿಗೆ ಅಗೌರವವೆಂದು, ಅವಳಿಗೆ ಮೊದಲ ದಿನವೇ ಹೊಸ ನಾಮಕರಣವಾಗುತ್ತದೆ. ತೊಟ್ಟಿಲಿಲ್ಲದೆ, ಸಕ್ಕರೆ ಹಂಚದೆ ನಡೆಯುವ ಈ ನಾಮಕರಣಕ್ಕೆ ಹಿಂದಿಯಲ್ಲಿ ಒಂದು ಮಾದರಿ ಇದೆ. 2004ರಲ್ಲಿ ಸ್ಟಾರ್ ಒನ್ ವಾಹಿನಿಯಲ್ಲಿ ಶುರುವಾದ ‘ಸಾರಾಭಾಯ್ ವರ್ಸಸ್ ಸಾರಾಭಾಯ್’ ಧಾರಾವಾಹಿಯಲ್ಲಿ ದಕ್ಷಿಣ ಮುಂಬೈಯ ಶ್ರೀಮಂತ ಅತ್ತೆ ಮಾಯಾ, ಮನೀಷಾ ಎಂಬ ಹೆಸರು ತೀರ ಮಧ್ಯಮ ವರ್ಗದ್ದು ಎಂದು ತನ್ನ ಸೊಸೆಯ ಹೆಸರನ್ನೇ ಮೋನಿಷಾ ಎಂದು ತಿದ್ದುತ್ತಾಳೆ. ಸೊಸೆ ಚೌಕಾಸಿ ಮಾಡಿದರೆ ಮಧ್ಯಮ ವರ್ಗ, ರಿಯಾಯಿತಿಯಲ್ಲಿ ಕೊಂಡರೆ ಮಧ್ಯಮ ವರ್ಗ. ಬರೆದವರು ಜಾಣರು, ಅವರು ನಗಿಸಿದ್ದು ಬಹುಪಾಲು ಮಾಯಾಳ ಠೀವಿಯನ್ನು ಕುರಿತು, ಆಕೆಯ ಗಂಡನೇ ಆಕೆಯನ್ನು ಬಿಡದೆ ಗೇಲಿಮಾಡುತ್ತಾನೆ. ಬ್ರಿಟನ್ನಿನ ಬಿಬಿಸಿ 1990ರಿಂದ 1995ರವರೆಗೆ ಪ್ರಸಾರ ಮಾಡಿದ ‘ಕೀಪಿಂಗ್ ಅಪ್ ಅಪಿಯರನ್ಸಸ್’ ಧಾರಾವಾಹಿಯ ಹಯಸಿಂತ್ ಕೂಡ ಇದೇ ಜಾತಿಯವಳು. ಆಕೆಯ ಮನೆಗೆ ಬರುವ ನೆರೆಮನೆಯಾಕೆ, ಬೆಲೆಬಾಳುವ ಪಿಂಗಾಣಿ ಕಪ್ಪು ಒಡೆದೀತೆಂಬ ಭಯದಲ್ಲಿಯೇ ಕೈ ನಡುಗಿಸಿ ಕಾಫಿ ಚೆಲ್ಲುತ್ತಾಳೆ. ಹಯಸಿಂತಳ ತಂಗಿಯ ಗಂಡ ತನ್ನ ಡಬಡಬ ಸದ್ದಿನ ಹಳೆಯ ಕಾರಿನಲ್ಲಿ ಬಂದಿಳಿದರೆ ಆಕೆ ಪೊದೆಯ ಹಿಂದೆ ಅಡಗುವುದಕ್ಕೂ ಸಿದ್ಧಳು. ಇಲ್ಲಿಯೂ ನಗು ಕಾರಿನವನ ಮೇಲೆ ಬೀಳುವುದಿಲ್ಲ, ಅಡಗುವವಳ ಮೇಲೆಯೇ ಬೀಳುತ್ತದೆ.

ಬರೆದವರ ಜಾಣತನ ನೋಡುವವರ ಮನೆ ತಲುಪುವಷ್ಟರಲ್ಲಿ ದಾರಿತಪ್ಪುತ್ತದೆ ಎಂಬುದು ಹೊಸ ವಿಷಯವಲ್ಲ. 1971ರಲ್ಲಿ ಸಿಬಿಎಸ್‌ನಲ್ಲಿ ಆರಂಭವಾದ ‘ಆಲ್ ಇನ್ ದ ಫ್ಯಾಮಿಲಿ’ ಧಾರಾವಾಹಿಯ ಆರ್ಚಿ ಬಂಕರ್ ನ್ಯೂಯಾರ್ಕಿನ ಕ್ವೀನ್ಸ್ ಪ್ರದೇಶದ ಕಾರ್ಮಿಕ ವರ್ಗದವನು. ಕಪ್ಪು ಜನರನ್ನೂ ವಲಸೆ ಬಂದವರನ್ನೂ ಹೀಗಳೆಯುವ ಅವನ ಪೂರ್ವಗ್ರಹವನ್ನು ನಗೆಗೀಡುಮಾಡುವುದೇ ಅದರ ಉದ್ದೇಶವಾಗಿತ್ತು. ಆದರೆ 1974ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ನೀಲ್ ವಿಡ್ಮಾರ್ ಮತ್ತು ಮಿಲ್ಟನ್ ರೋಕೀಚ್ ಎಂಬ ಸಂಶೋಧಕರು ಅಮೆರಿಕ ಮತ್ತು ಕೆನಡಾದ ಪ್ರೇಕ್ಷಕರನ್ನು ವಿಚಾರಿಸಿದಾಗ, ಹೆಚ್ಚು ಪೂರ್ವಗ್ರಹವಿದ್ದವರು ಆರ್ಚಿಯನ್ನೇ ಮೆಚ್ಚಿಕೊಂಡು, ಅವನ ಮಾತೇ ಸರಿಯೆಂದು ತಲೆದೂಗುತ್ತಿದ್ದುದು ಕಂಡುಬಂತು. ಆ ಸಂಶೋಧಕರು ನಮ್ಮ ಊರಿಗೂ ಬಂದಿದ್ದರೆ ಅವರ ಕೆಲಸ ಒಂದೇ ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು. ಇಲ್ಲಿ ಮಾಯಾಳನ್ನು ಗೇಲಿಯ ಪಾತ್ರವೆಂದು ಯಾರೂ ನೋಡಲಿಲ್ಲ. ಮನೆ ನಡೆಸುವುದು ಹೇಗೆಂಬ ಉಚಿತ ತರಬೇತಿಯೆಂದು ನೋಡಿದರು. ಚನ್ನಗಿರಿ ಕಡೆಯ ಅಡಿಕೆಗೆ ಧಾರಣೆ ಬಂದ ಒಂದೆರಡು ವರ್ಷಗಳಲ್ಲಿ ಇಲ್ಲಿ ಬಂಗಲೆ ಕಟ್ಟಿಸಿದ ಕುಟುಂಬದವರು, ತಮ್ಮ ಸ್ವಂತ ದೊಡ್ಡಪ್ಪ ತೋಟದಿಂದ ನೇರವಾಗಿ ಬಂದು ಟೀಯನ್ನು ಬಸಿಗೆ ಸುರಿದುಕೊಂಡು ಸದ್ದುಮಾಡಿ ಕುಡಿದರೆ, ‘ದೊಡ್ಡಪ್ಪ, ಕಪ್ಪಲ್ಲೇ ಕುಡೀರಿ, ನೋಡಿದವರು ಏನಂತಾರೆ’ ಎಂದು ತಗ್ಗಿದ ದನಿಯಲ್ಲಿ ತಿದ್ದುತ್ತಾರೆ. ನೋಡುವವರು ಅಲ್ಲಿ ಯಾರೂ ಇರುವುದಿಲ್ಲ. ಗಾಜಿನ ಬೀರುವಿನೊಳಗೆ, ಬಳಕೆಗೆಂದು ಎಂದೂ ಹೊರಬರದ ಇಪ್ಪತ್ತನಾಲ್ಕು ಕಪ್ಪುಗಳ ಸೆಟ್ ಮಾತ್ರ ಇರುತ್ತದೆ. ಆ ಬಂಗಲೆಯ ಅಡಿಪಾಯದ ಕಲ್ಲಿನಿಂದ ಹಿಡಿದು ಬೀರುವಿನ ಗಾಜಿನವರೆಗೆ ದುಡ್ಡು ಬಂದದ್ದು ಬಸಿಯಲ್ಲಿ ಟೀ ಕುಡಿಯುವವರ ಬೆವರಿನಿಂದಲೇ ಎಂಬುದನ್ನು ಪ್ರಸ್ತಾಪಿಸುವುದು ಕೂಡ ಮಧ್ಯಮ ವರ್ಗದ ಅಭ್ಯಾಸವೆಂದು ನನಗೆ ಈಚೆಗೆ ತಿಳಿದುಬಂದಿದೆ.

ಮಂಡಕ್ಕಿಯ ಗತಿಯೂ ಇದೇ. ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯ ಮುಂದೆ, ಹೊಗೆಯ ನಡುವೆ, ಮರಳಿನಲ್ಲಿ ಅಕ್ಕಿ ಹುರಿಯುವವರ ಕೇರಿಯ ಕಡೆಗೆ ಕಾರಿನ ಗಾಜು ಇಳಿಸದೆ ಹೋಗುವವರು, ಮಗಳ ಆರತಕ್ಷತೆಯಲ್ಲಿ ಅದೇ ಮಂಡಕ್ಕಿಗೆ ಲೈವ್ ಕೌಂಟರ್ ಇಡಿಸುತ್ತಾರೆ. ಬೀದಿಯ ಗಾಡಿಯಲ್ಲಿ ಪತ್ರಿಕೆಯ ಹಾಳೆಯ ಮೇಲೆ ಸುರಿದು ಮಿರ್ಚಿಯೊಡನೆ ಕೊಟ್ಟರೆ ಅದು ತಿನ್ನಬಾರದ ತಿಂಡಿ. ಬಿಳಿಯ ಟೋಪಿ, ಕೈಗವಸು ತೊಟ್ಟ ಹುಡುಗ ಪಿಂಗಾಣಿಯ ಪುಟ್ಟ ಬಟ್ಟಲಲ್ಲಿ, ಮೇಲೊಂದು ಕೊತ್ತಂಬರಿ ಎಲೆಯನ್ನು ಚಿಮಟದಿಂದ ಇಟ್ಟು ಕೊಟ್ಟರೆ ಅದು ನಮ್ಮ ನೆಲದ ಸಂಸ್ಕೃತಿ. ಆ ಹುಡುಗ ಸಂಜೆ ಐದರವರೆಗೆ ಇದ್ದದ್ದು ಗಾಡಿಯ ಹಿಂದೆಯೇ. ಅತಿಥಿಗಳು ಅವನನ್ನು ಗುರುತಿಸಲಿಲ್ಲ, ಅವನು ಎಲ್ಲರನ್ನೂ ಗುರುತಿಸಿದ.

ಇಷ್ಟು ಎತ್ತರದ ಸೋಫಾದಲ್ಲಿ ಕುಳಿತವರಿಗೂ ಒಂದು ಇಕ್ಕಟ್ಟು ಇದೆ, ಅದನ್ನು ಹೇಳಲು ನನಗೆ ಕೊಂಚ ಸಂಕೋಚ. ಬೆಂಗಳೂರಿನಲ್ಲಿ ತಯಾರಾಗುವ ಹಾಸ್ಯ ಕಾರ್ಯಕ್ರಮಗಳಲ್ಲಿ ಯಜಮಾನರು ಬೆಂಗಳೂರಿನ ಕನ್ನಡವನ್ನೂ, ಅಡುಗೆಯವನು, ಕಾವಲುಗಾರ, ಊರಿಂದ ಬಂದ ನೆಂಟ ಉತ್ತರ ಕರ್ನಾಟಕದ ಕನ್ನಡವನ್ನೂ ಆಡುವುದು ಬಹಳ ಸಲ ಕಾಣುವ ಸಂಗತಿ. ‘ಏನ್ರೀ ಸಾವ್ಕಾರ್ರ’ ಎಂದು ಕಾವಲುಗಾರ ಬಾಯಿ ತೆರೆದರೆ ಸಾಕು, ಹಾಸ್ಯ ಬರೆಯುವವರಿಗೆ ಮುಂದಿನ ಎರಡು ಪುಟ ಬರೆಯುವ ಕಷ್ಟ ತಪ್ಪುತ್ತದೆ. ಇದನ್ನು ಕಂಡು ದಾವಣಗೆರೆಯವರು ಬಿದ್ದು ಬಿದ್ದು ನಗುತ್ತಾರೆ. ದಾವಣಗೆರೆ ಕರ್ನಾಟಕದ ನಟ್ಟನಡುವೆ ಇದೆ. ತಾವಿರುವುದು ನಡುವಿನ ದಕ್ಷಿಣಕ್ಕೆ ಎಂಬುದು ನಮ್ಮವರ ದೃಢ ನಂಬಿಕೆ. ಹೀಗೆ ನಕ್ಕ ಮನೆಯ ಮಗ ಬೆಂಗಳೂರಿನ ಕಚೇರಿಯೊಂದರಲ್ಲಿ ಮೊದಲ ದಿನ ‘ಬರ್ರಿ, ಕುಂದರ್ರಿ’ ಎಂದ ಕೂಡಲೇ ಸಹೋದ್ಯೋಗಿಗಳೆಲ್ಲ ಕುರ್ಚಿ ತಿರುಗಿಸಿ ನಕ್ಕರಂತೆ. ಅವನು ವಾರದೊಳಗೆ ನಾಲಿಗೆಯನ್ನು ತಿದ್ದಿಕೊಂಡು, ಹಬ್ಬಕ್ಕೆ ಊರಿಗೆ ಬಂದಾಗ ತಾಯಿಯ ಕನ್ನಡಕ್ಕೆ ನಗಲಾರಂಭಿಸಿದ. ತಾಯಿ ಹಿತ್ತಲಿಗೆ ಹೋಗಿ ಕಸಮುಸುರೆಯಾಕೆಯ ಕನ್ನಡಕ್ಕೆ ನಕ್ಕು ಸಮಾಧಾನ ತಂದುಕೊಂಡರು.

ಇಷ್ಟೊಂದು ನಗು ಯಾವ ಯೋಜನೆಯೂ ಇಲ್ಲದೆ, ಯಾರ ಮೇಲೆ ಯಾರು ಎಂಬ ಸ್ಪಷ್ಟ ನಿಯಮವೂ ಇಲ್ಲದೆ ಪೋಲಾಗುತ್ತಿರುವುದನ್ನು ನೋಡಿ, 2016ರ ಮೊದಲ ಪಟ್ಟಿಯಲ್ಲಿಯೇ ಸ್ಮಾರ್ಟ್ ಸಿಟಿಯಾದ ನಗರಕ್ಕೆ ಇದು ಶೋಭೆಯಲ್ಲವೆಂದು ಭಾವಿಸಿ, ನಾನು ಒಂದು ಪ್ರಸ್ತಾವನೆಯನ್ನು ಸಿದ್ಧಪಡಿಸಿದ್ದೇನೆ. ಜಯದೇವ ವೃತ್ತ, ಅಶೋಕ ರಸ್ತೆಯ ರೈಲ್ವೆ ಗೇಟು, ಗಾಜಿನಮನೆಯ ಆವರಣ, ಕುಂದುವಾಡ ಕೆರೆಯ ದಂಡೆ ಮೊದಲಾದ ಕಡೆಗಳಲ್ಲಿ ಡಗ್ಲಸ್ ಮಾದರಿಯ ನಗೆಪೆಟ್ಟಿಗೆಗಳನ್ನು ಅಳವಡಿಸತಕ್ಕದ್ದು. ನಡೆದು ಹೋಗುವವನು ಎಡವಿದರೆ ದೊಡ್ಡ ನಗೆ. ಸ್ಕೂಟರಿನವನು ಎಡವಿದರೆ ಸಾಧಾರಣ ನಗೆ. ಕಾರಿನವನು ಗುಂಡಿಗೆ ಬಿದ್ದರೆ ನಗೆಯ ಬದಲು ಪಾಲಿಕೆಯನ್ನು ಖಂಡಿಸುವ ಧ್ವನಿ. ಕೆರೆಯ ದಂಡೆಯಲ್ಲಿ ಬೆಳಿಗ್ಗೆ ವೈದ್ಯರ ಸಲಹೆಯಂತೆ ಕೈ ಮೇಲೆತ್ತಿ ಕಾರಣವಿಲ್ಲದೆ ನಗುವ ಹಿರಿಯರಿಗೆ ಪೆಟ್ಟಿಗೆಯ ಅಗತ್ಯ ಬೀಳುವುದಿಲ್ಲ; ಅವರನ್ನು ಕಂಡು ಪೊರಕೆ ನಿಲ್ಲಿಸಿ ನಗುವ ಪೌರಕಾರ್ಮಿಕರ ನಗೆಯನ್ನು ತಗ್ಗಿಸುವ ಕೀಲಿಯೊಂದು ಅಲ್ಲಿ ಇರತಕ್ಕದ್ದು.

ಕರಡನ್ನು ಓದಿದ ಬಡಾವಣೆಯ ಹಿರಿಯರೊಬ್ಬರು ಎಲ್ಲವನ್ನೂ ಒಪ್ಪಿ, ಪೆಡಲ್ ಒತ್ತುವವರು ಯಾರು ಎಂಬ ಒಂದೇ ತಕರಾರು ತೆಗೆದರು. ಕಾಯಂ ನೌಕರರು ಬಿಸಿಲಲ್ಲಿ ನಿಲ್ಲುವುದಿಲ್ಲವಾದ್ದರಿಂದ ಗುತ್ತಿಗೆ ಆಧಾರದ ಹುಡುಗರನ್ನೇ ನೇಮಿಸಬೇಕಾಗುತ್ತದೆ. ಹಾಗೆ ನೇಮಿಸಿದರೆ, ಊರಿನ ಯಾರು ಯಾವಾಗ ಎಷ್ಟು ಹಾಸ್ಯಾಸ್ಪದರಾಗುತ್ತಾರೆ ಎಂಬುದನ್ನು ದಿನವಿಡೀ ಕುಳಿತು ಲೆಕ್ಕವಿಡುವ ಕೆಲಸ ಆ ಹುಡುಗರ ಪಾಲಾಗುತ್ತದೆ. ಇದು ಅಪಾಯಕಾರಿ ಎಂದು ಅವರಿಗೆ ಕಂಡಿತು. ಆದ್ದರಿಂದ ನಿಯಮಾವಳಿಗೆ ಎರಡು ಷರತ್ತುಗಳನ್ನು ಸೇರಿಸಿದ್ದೇವೆ: ಗುತ್ತಿಗೆ ನೌಕರರು ಕೆಲಸದ ವೇಳೆಯಲ್ಲಿ ಸ್ವಂತವಾಗಿ ನಗತಕ್ಕದ್ದಲ್ಲ; ಮತ್ತು ಪೆಟ್ಟಿಗೆಯ ಹಿಂದೆ ಅವರು ಕೂರಲು ಕೊಡುವ ಆಸನ ಯಾವ ಕಾರಣಕ್ಕೂ ಸ್ಟೂಲಿಗಿಂತ ಮೆತ್ತಗಿರತಕ್ಕದ್ದಲ್ಲ.