ಏನು ಆರಿಸಿದರೂ ಒಂದೇ ಅಂತೆ!

ಭಾನುವಾರ ಊರಿಗೆ ಹೋಗಿದ್ದೆ. ಹೋದದ್ದು ತೋಟಕ್ಕೆ ಕೊಳೆ ಔಷಧಿ ಹೊಡೆಸುವ ಮಾತಿಗೆ, ಬಂದದ್ದು ತಲೆ ಕೆಡಿಸಿಕೊಂಡು. ಸಾಗರದಿಂದ ಶಿವಮೊಗ್ಗದವರೆಗೆ ಬಸ್ಸಿನಲ್ಲಿ ಕೂತು ಒಬ್ಬನೇ ವಾದ ಮಾಡಿಕೊಂಡು ಬಂದಿದ್ದೇನೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಆನಂದಪುರದಲ್ಲಿ ಎದ್ದು ಬೇರೆ ಸೀಟಿಗೆ ಹೋದರು. ನನ್ನ ತುಟಿ ಅಲ್ಲಾಡುತ್ತಿದ್ದದ್ದು ಅವರಿಗೆ ಕಂಡಿರಬೇಕು.

ಆದದ್ದು ಇಷ್ಟು. ಅಣ್ಣನ ಮಗ ರಜೆಗೆ ಬಂದಿದ್ದಾನೆ. ಎಂಜಿನಿಯರಿಂಗ್ ಎರಡನೇ ವರ್ಷ. ಜಗಲಿಯಲ್ಲಿ ಕಾಲು ಚಾಚಿ ಮೊಬೈಲಿನಲ್ಲಿ ಹಳೆಯ ಕಂಪ್ಯೂಟರ್ ಆಟಗಳ ವಿಮರ್ಶೆಯ ವಿಡಿಯೊ ನೋಡುತ್ತಿದ್ದ. ಯಾರೋ ಒಬ್ಬ ಪುಣ್ಯಾತ್ಮ, ಹದಿನೈದು ನಿಮಿಷದಲ್ಲಿ, ಟೆಲ್‌ಟೇಲ್ ಕಂಪನಿಯ ‘ದಿ ವಾಕಿಂಗ್ ಡೆಡ್’ ಆಟವನ್ನು ಕೊಚ್ಚಿ ಹಾಕುತ್ತಿದ್ದ. ಹತ್ತಕ್ಕೆ ನಾಲ್ಕು ಅಂಕ.

“ಚಿಕ್ಕಪ್ಪ, ನೀವು ಹೊಗಳುತ್ತಿದ್ದ ಆಟ ಇದೇ ಅಲ್ಲವೇ? ಇದರಲ್ಲಿ ಏನು ಆರಿಸಿದರೂ ಒಂದೇ ಅಂತೆ.”

“ನೀನು ಆಡಿದ್ದೀಯಾ?”

“ಆಡುವುದೇಕೆ? ಗೊತ್ತಾಯಿತಲ್ಲ!”

ಆ “ಗೊತ್ತಾಯಿತಲ್ಲ” ನನಗೆ ಇನ್ನೂ ಜೀರ್ಣವಾಗಿಲ್ಲ.

ನನ್ನನ್ನು ಬಲ್ಲವರಿಗೆ ಈ ಆಟದ ಕಥೆ ಹೇಳಿ ಹೇಳಿ ನಾನು ಸಾಕಷ್ಟು ಬೇಸರ ಹುಟ್ಟಿಸಿದ್ದೇನೆ. ಗೊತ್ತಿಲ್ಲದವರಿಗೆ ನಾಲ್ಕು ಮಾತು. 2012ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ ಐದು ಕಂತುಗಳಲ್ಲಿ ಬಂದ ಆಟ ಇದು. ರಾಬರ್ಟ್ ಕಿರ್ಕ್‌ಮನ್ ಅವರ ಕಾಮಿಕ್ಸ್‌ನ ಲೋಕ, ಆದರೆ ಪಾತ್ರಗಳು ಬಹುಪಾಲು ಹೊಸವು. ನಾವು ಆಡುವುದು ಲೀ ಎವರೆಟ್ ಎಂಬ ಮೇಷ್ಟ್ರಾಗಿ. ಕೊಲೆ ಮಾಡಿ ಶಿಕ್ಷೆಯಾಗಿ, ಪೊಲೀಸ್ ಕಾರಿನ ಹಿಂದಿನ ಸೀಟಿನಲ್ಲಿ ಜೈಲಿಗೆ ಹೊರಟವನು. ದಾರಿಯಲ್ಲಿ ಅಪಘಾತ, ಸತ್ತವರು ಎದ್ದು ಓಡಾಡುವ ಲೋಕ, ಮರದ ಮೇಲಿನ ಪುಟ್ಟ ಮನೆಯಲ್ಲಿ ಅಡಗಿದ್ದ ಎಂಟು ವರ್ಷದ ಹುಡುಗಿ ಕ್ಲೆಮೆಂಟೈನ್. ಅವಳನ್ನು ಕಾಯುವುದೇ ಆಟ. ಗುಂಡು ಹಾರಿಸುವ ಕೆಲಸ ಕಡಿಮೆ, ಮಾತನಾಡುವ ಕೆಲಸ ಹೆಚ್ಚು. ಯಾರಾದರೂ ಏನಾದರೂ ಕೇಳಿದಾಗ ಪರದೆಯ ಕೆಳಗೆ ಉತ್ತರಗಳು ಬರುತ್ತವೆ, ಸಮಯ ತೋರಿಸುವ ಒಂದು ಪಟ್ಟಿ ಸರಸರನೆ ಸಣ್ಣದಾಗುತ್ತಾ ಹೋಗುತ್ತದೆ. ಅದು ಮುಗಿಯುವುದರೊಳಗೆ ಆರಿಸಬೇಕು. ಆರಿಸದಿದ್ದರೆ ಮೌನವೇ ಉತ್ತರ. ಆಮೇಲೆ ಮೂಲೆಯಲ್ಲಿ ಒಂದು ಸಾಲು ಮೂಡುತ್ತದೆ: ಕ್ಲೆಮೆಂಟೈನ್ ಇದನ್ನು ನೆನಪಿಟ್ಟುಕೊಳ್ಳುತ್ತಾಳೆ.

ಬಂದ ಹೊಸದರಲ್ಲಿ ವಿಮರ್ಶಕರು ಇದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು. ಅದಕ್ಕೂ ಒಂದು ಹಿನ್ನೆಲೆಯಿದೆ. ಅದೇ ಕಂಪನಿ 2011ರಲ್ಲಿ ತಂದ ‘ಜುರಾಸಿಕ್ ಪಾರ್ಕ್’ ಆಟಕ್ಕೆ ಚೆನ್ನಾಗಿ ಬೈಗುಳ ಬಿದ್ದಿತ್ತು, ಹಾಗಾಗಿ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ವರ್ಷದ ಕೊನೆಗೆ ನೋಡಿದರೆ ಸ್ಪೈಕ್ ಎಂಬ ಅಮೆರಿಕದ ಟಿವಿ ವಾಹಿನಿ ಕೊಡುತ್ತಿದ್ದ ಪ್ರಶಸ್ತಿಯಲ್ಲಿ ವರ್ಷದ ಆಟ ಇದೇ. ಎದುರಿಗಿದ್ದದ್ದು ‘ಅಸಾಸಿನ್ಸ್ ಕ್ರೀಡ್ 3’, ‘ಡಿಸ್‌ಆನರ್ಡ್’, ‘ಜರ್ನಿ’, ‘ಮಾಸ್ ಎಫೆಕ್ಟ್ 3’. ಮರುವರ್ಷ ಕಥೆಗಾಗಿ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ. 2013ರ ಜನವರಿ ಹೊತ್ತಿಗೆ 85 ಲಕ್ಷ ಕಂತುಗಳು ಮಾರಾಟವಾಗಿದ್ದವು. ಒಂದೊಂದು ಕಂತಿಗೂ ಬೇರೆ ಬೇರೆ ಅಂಕ ಕೊಟ್ಟು, ಮಂಡಿಯಲ್ಲಿ ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ವಿಂಗಡಿಸಿದ ಹಾಗೆ ವಿಂಗಡಿಸಿದರು. ಬೈದವರೂ ಇದ್ದರು. ಒಗಟುಗಳು ತೀರಾ ಬಾಲಿಶ ಎಂದರು. ಅದು ನಿಜ. ಮೊದಲ ಕಂತಿನಲ್ಲಿ ಕಾರ್ಲಿ ಎಂಬ ಟಿವಿ ವರದಿಗಾರ್ತಿಗೆ ರೇಡಿಯೊಗೆ ಬ್ಯಾಟರಿ ಹಾಕಬೇಕು ಎನ್ನುವುದೇ ತಿಳಿದಿರುವುದಿಲ್ಲ. ನಮ್ಮ ಅಜ್ಜಿಗೆ ತಿಳಿದಿತ್ತು. ಆಟ ತಡವರಿಸುತ್ತದೆ, ಉಳಿಸಿಟ್ಟದ್ದು ಅಳಿಸಿಹೋಗುತ್ತದೆ ಎಂಬ ದೂರುಗಳೂ ಇದ್ದವು. ಇದೆಲ್ಲವನ್ನೂ ಒಪ್ಪುತ್ತೇನೆ. ಇವಕ್ಕೆಲ್ಲ ಅಂಕ ಕಳೆಯಲಿ, ನನ್ನದೇನೂ ತಕರಾರಿಲ್ಲ.

ತಕರಾರು ಆ ಒಂದು ವಾಕ್ಯದ ಮೇಲೆ. ಏನು ಆರಿಸಿದರೂ ಒಂದೇ.

ಮೊದಲ ಕಂತಿನ ಕೊನೆಯಲ್ಲಿ ಕಾರ್ಲಿಯನ್ನು ಉಳಿಸಬೇಕೋ ಡಗ್‌ನನ್ನು ಉಳಿಸಬೇಕೋ ಎಂಬ ಪ್ರಶ್ನೆ ಬರುತ್ತದೆ. ಒಬ್ಬರನ್ನು ಮಾತ್ರ. ಹಾಗೆ ಬದುಕಿ ಉಳಿದವರೂ ಮೂರನೇ ಕಂತಿನಲ್ಲಿ ರಸ್ತೆ ಬದಿಯಲ್ಲಿ ಸಾಯುತ್ತಾರೆ. ನೀವು ಯಾರನ್ನು ಉಳಿಸಿದ್ದರೂ ಸರಿ, ಅದೇ ಜಾಗ, ಅದೇ ಗುಂಡು. ವಿಡಿಯೊದವನು ಎರಡೂ ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ ಗಹಗಹಿಸಿ ನಕ್ಕ. ಕಳ್ಳನನ್ನು ಹಿಡಿದ ಖುಷಿ. ಅಯ್ಯಾ, ಎರಡೂ ದಾರಿಗಳನ್ನು ಪಕ್ಕಪಕ್ಕ ಹಾಸಿ ನೋಡುವ ಸೌಕರ್ಯ ನಿನಗಿದೆ. ಲೀಗೆ ಇರಲಿಲ್ಲ. 2012ರಲ್ಲಿ ವಿನೋಬನಗರದ ಬಾಡಿಗೆ ರೂಮಿನಲ್ಲಿ ಕೂತಿದ್ದ ನನಗೂ ಇರಲಿಲ್ಲ.

ಅಣ್ಣನ ಮಗನಿಗೆ ನಾನು ಕೇಳಬೇಕೆಂದಿದ್ದು, ಆ ಹೊತ್ತಿಗೆ ಹೊಳೆಯದೆ ಬಸ್ಸು ಕುಂಸಿ ದಾಟಿದ ಮೇಲೆ ಹೊಳೆದದ್ದು ಇದು: ನಿನ್ನ ಅಪ್ಪ ಇಪ್ಪತ್ತು ವರ್ಷಗಳಿಂದ ಏನು ಮಾಡುತ್ತಿದ್ದಾನೆ? ಮಳೆಗಾಲ ಬಂತೆಂದರೆ ಹೆಗಲ ಮೇಲೆ ಶಾಲು ಹಾಕಿಕೊಂಡು ತಾಳಮದ್ದಳೆಗೆ ಹೋಗುತ್ತಾನೆ. ಕೃಷ್ಣ ಸಂಧಾನದಲ್ಲಿ ಕೌರವನ ಅರ್ಥ, ಅಂದರೆ ಪದ್ಯದ ಮೇಲೆ ಆಗಲೇ ಹೊಳೆದ ಮಾತು, ಹೇಳುತ್ತಾನೆ. ಆ ಸಂಧಾನ ಈವರೆಗೆ ಒಂದು ಸಲವಾದರೂ ಫಲಿಸಿದ್ದುಂಟೇ? ಕೃಷ್ಣ ಎಷ್ಟೇ ಚೆಂದ ಮಾತನಾಡಲಿ, ಐದು ಗ್ರಾಮ ಸಿಕ್ಕುವುದಿಲ್ಲ. ಭಾಗವತರಿಗೆ ಗೊತ್ತು, ಮದ್ದಳೆಯವರಿಗೆ ಗೊತ್ತು, ಕಂಬಕ್ಕೆ ಒರಗಿ ತೂಕಡಿಸುವ ಮಾಣಿಗೂ ಗೊತ್ತು. ಆದರೂ ಹೊರಗೆ ಮಳೆ ಹೊಯ್ಯುತ್ತಿದ್ದರೆ ಒಳಗೆ ನೂರು ಜನ ರಾತ್ರಿ ಎರಡು ಗಂಟೆಯವರೆಗೆ ಕೂರುತ್ತಾರೆ. ಯಾಕೆಂದರೆ ಪದ್ಯ ಅದೇ, ಅರ್ಥ ಅದೇ ಅಲ್ಲ. ಹೋದ ವರ್ಷ ಅಣ್ಣನ ಕೌರವ ಹಟಮಾರಿಯಾಗಿದ್ದ. ಅದರ ಹಿಂದಿನ ವರ್ಷ, ಅವನ ಸೊಂಟನೋವಿನ ಕಾಲದಲ್ಲಿ, ಅದೇ ಕೌರವ ಸೋತವನ ಹಾಗೆ ಮಾತನಾಡಿದ್ದ. ಯುದ್ಧ ಎರಡು ಸಲವೂ ಆಯಿತು. ಎದ್ದು ನಿಂತು, “ಏನು ಹೇಳಿದರೂ ಯುದ್ಧವೇ, ಇದು ಮೋಸ, ಹತ್ತಕ್ಕೆ ನಾಲ್ಕು” ಎಂದವರನ್ನು ನಾನಂತೂ ಕಂಡಿಲ್ಲ. ಹಾಗೆಂದವನಿಗೆ ಕಷಾಯವನ್ನೂ ಕೊಡದೆ ಕಳಿಸುತ್ತಿದ್ದರು.

ಇದಕ್ಕೊಂದು ಉತ್ತರ ಸಿದ್ಧವಾಗಿದೆ ಎಂದು ಗೊತ್ತು. “ಆಟದ ಆರಂಭದಲ್ಲೇ ಅವರೇ ಬರೆದಿದ್ದಾರಲ್ಲ, ನೀವು ಆಡಿದಂತೆ ಕಥೆ ಬದಲಾಗುತ್ತದೆ ಎಂದು? ತಾಳಮದ್ದಳೆಯವರು ಹಾಗೆ ಮಾತು ಕೊಟ್ಟಿದ್ದರೇ?” ಸರಿ, ಬರೆದಿದ್ದಾರೆ. ಮಾರುವವರು ಬರೆಯುತ್ತಾರೆ. ಹುಡುಗ ಸಾಧು ಎಂದು ಮದುವೆ ದಲ್ಲಾಳಿಯೂ ಹೇಳುತ್ತಾನೆ. ಹೇಳಿದ್ದಷ್ಟನ್ನೇ ನಂಬಿ ಸಂಸಾರಕ್ಕೆ ಅಂಕ ಕೊಡುತ್ತಾರೆಯೇ? ಮುಂದಿನ ಆಟಗಳಲ್ಲಿ ಕಂಪನಿ ಇದೇ ಅಚ್ಚನ್ನು ಮತ್ತೆ ಮತ್ತೆ ಒತ್ತಿತು, ಅದು ಹಳಸಿತು. 2018ರ ಸೆಪ್ಟೆಂಬರ್‌ನಲ್ಲಿ ಸುಮಾರು 250 ಜನರನ್ನು ಒಂದೇ ದಿನ ಮನೆಗೆ ಕಳಿಸಿತು. ಕ್ಲೆಮೆಂಟೈನ್‌ಳ ಕೊನೆಯ ಕಥೆ ಅರ್ಧಕ್ಕೆ ನಿಂತು, ಕಿರ್ಕ್‌ಮನ್ ಅವರದೇ ಸ್ಕೈಬೌಂಡ್ ಅದನ್ನು 2019ರ ಮಾರ್ಚ್‌ನಲ್ಲಿ ಮುಗಿಸಬೇಕಾಯಿತು. ಅದರ ಬಗ್ಗೆ ಬೈಯಿರಿ, ನಾನೂ ದನಿಗೂಡಿಸುತ್ತೇನೆ. ಆದರೆ ಆಮೇಲೆ ಬಂದ ಬೇಸರವನ್ನೆಲ್ಲ ಹಿಂದಕ್ಕೆ ಎಳೆದು ತಂದು ಮೊದಲನೆಯದರ ತಲೆಗೆ ಕಟ್ಟುವುದು ಯಾವ ನ್ಯಾಯ?

ಎರಡನೇ ಕಂತಿನ ಒಂದು ದೃಶ್ಯ ಹೇಳುತ್ತೇನೆ. ಮೋಟೆಲ್ ಒಂದರಲ್ಲಿ ಗುಂಪು ಹಸಿದು ಕೂತಿದೆ. ಬಡಿಸುವ ಕೆಲಸ ಲೀಗೆ ಬೀಳುತ್ತದೆ. ಕೈಯಲ್ಲಿರುವುದು ನಾಲ್ಕೇ ತುಣುಕು, ಅದರಲ್ಲೊಂದು ಅರ್ಧ ಸೇಬು. ಎದುರಿಗೆ ಅದರ ಎರಡು ಪಟ್ಟು ಬಾಯಿಗಳು. ಪಂಕ್ತಿಯಲ್ಲಿ ಬಡಿಸಿ ಗೊತ್ತಿದ್ದವರಿಗೆ ಈ ಸಂಕಟ ತಿಳಿಯುತ್ತದೆ. ಪಾಯಸದ ತಪಲೆಯ ತಳ ಕಂಡಿದೆ, ಸಾಲಿನಲ್ಲಿ ಇನ್ನೂ ಆರು ಎಲೆ, ಎಲ್ಲರೂ ನಿಮ್ಮ ಸೌಟನ್ನೇ ನೋಡುತ್ತಿದ್ದಾರೆ. ನಾನು ಎರಡು ಮಕ್ಕಳಿಗೆ ಕೊಟ್ಟೆ, ಉಳಿದೆರಡನ್ನು ನನಗೆ ಕಂಡವರಿಗೆ ಕೊಟ್ಟೆ. ಲ್ಯಾರಿ ಎಂಬ ಸಿಡುಕು ಮುದುಕನಿಗೆ ಬೇಕೆಂದೇ ಕೊಡಲಿಲ್ಲ. ಹಿಂದಿನ ಕಂತಿನಲ್ಲಿ ನನ್ನ ಮುಖಕ್ಕೆ ಗುದ್ದಿದ್ದ.

ಅದೇ ಕಂತಿನ ಕೊನೆಯಲ್ಲಿ, ನರಮಾಂಸ ತಿನ್ನುವ ಒಂದು ಮನೆಯವರು ನಮ್ಮನ್ನು ಮಾಂಸ ಇಡುವ ಕೋಣೆಯಲ್ಲಿ ಕೂಡಿಹಾಕುತ್ತಾರೆ. ಲ್ಯಾರಿಯ ಹೃದಯ ನಿಲ್ಲುತ್ತದೆ. ಈ ಲೋಕದಲ್ಲಿ ಕಚ್ಚಿಸಿಕೊಳ್ಳದಿದ್ದರೂ ಸತ್ತವರು ಏಳುತ್ತಾರೆ. ಮಗಳು ಲಿಲ್ಲಿ ಎದೆ ಒತ್ತುತ್ತಿದ್ದಾಳೆ. ನಮ್ಮ ಗುಂಪಿನ ಇನ್ನೊಬ್ಬ, ಕೆನ್ನಿ, ದನ ನೆಕ್ಕುವ ಉಪ್ಪಿನ ದೊಡ್ಡ ಗಟ್ಟಿಯನ್ನು ಕೈಗೆತ್ತಿಕೊಂಡಿದ್ದಾನೆ. ಪಟ್ಟಿ ಸಣ್ಣದಾಗುತ್ತಿದೆ. ಲಿಲ್ಲಿಗೆ ನೆರವಾಗುತ್ತೀರೋ, ಕೆನ್ನಿಗೋ? ನಾನು ಕೆನ್ನಿಯ ಪರ ನಿಂತು ಲಿಲ್ಲಿಯನ್ನು ಹಿಡಿದುಕೊಂಡೆ. ಕ್ಲೆಮೆಂಟೈನ್ ಅದೇ ಕೋಣೆಯಲ್ಲಿದ್ದಾಳೆ ಎಂಬುದು ಆಮೇಲೆ ನೆನಪಾಯಿತು.

ಲಿಲ್ಲಿಗೆ ನೆರವಾಗಿದ್ದರೂ ಕೆನ್ನಿ ಆ ಉಪ್ಪಿನ ಗಟ್ಟಿಯನ್ನು ಲ್ಯಾರಿಯ ತಲೆಯ ಮೇಲೆ ಹಾಕುತ್ತಲೇ ಇದ್ದ. ಫಲ ಒಂದೇ. ಒಪ್ಪಿದೆ. ಆದರೆ ಹಿಡಿದುಕೊಂಡವನು ನಾನು, ತಾನೇ? ಬೆಳಗಿನ ಮೂರು ಗಂಟೆ, ಹೆಂಚಿನ ಮೇಲೆ ಜುಲೈ ಮಳೆ, ಲ್ಯಾಪ್‌ಟಾಪ್ ಮುಚ್ಚಿ ಕತ್ತಲಲ್ಲಿ ಕೂತೆ. ಪಾಪಪ್ರಜ್ಞೆ ಎಂದರೆ ದೊಡ್ಡ ಮಾತಾಯಿತು. ಆದರೆ ಅರ್ಧ ಸೇಬನ್ನಾದರೂ ಆ ಮುದುಕನಿಗೆ ಕೊಡಬಹುದಿತ್ತು ಎನಿಸಿದ್ದು ಸುಳ್ಳಲ್ಲ. ಒಬ್ಬ ಗೊಂಬೆಗೆ!

ಇನ್ನೊಂದು ಮಾತು ಇದೆ. ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ಅಣ್ಣ ಫೇಸ್‌ಬುಕ್‌ನಲ್ಲಿಲ್ಲ. ಅಕ್ಕ ಇದ್ದಾಳೆ. ಬರೆಯುತ್ತೇನೆ.

2010ರಲ್ಲಿ ನಮ್ಮ ಮನೆಯಲ್ಲಿ ಪಾಲಾಯಿತು. ಜಗಲಿಯಲ್ಲಿ ಕಂಬಳಿ ಹಾಸಿ ನಾಲ್ಕು ಜನ ಹಿರಿಯರು ಕೂತಿದ್ದರು, ನಡುವೆ ಎಲೆ ಅಡಿಕೆ ತಟ್ಟೆ. ಅಕ್ಕನಿಗೆ ಮದುವೆಯಲ್ಲೇ ಕೊಡುವುದೆಲ್ಲ ಕೊಟ್ಟಾಗಿದೆ, ತೋಟದಲ್ಲಿ ಬೇಡ ಎಂದು ಮಾತು ಬಂತು. ಬಾಗಿಲ ದಾರಂದದ ಹತ್ತಿರ ಅಕ್ಕ ನಿಂತಿದ್ದಳು. ಹಿರಿಯರಲ್ಲೊಬ್ಬರು ನನ್ನ ಕಡೆ ತಿರುಗಿ, “ನೀನೇನು ಹೇಳುತ್ತೀಯಪ್ಪ ತಮ್ಮ?” ಎಂದರು. ನಾನು ಅಡಿಕೆಯ ಒಂದು ಹೋಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ಅಗಿಯುತ್ತಾ ಕೂತೆ. ಮಾತು ಮುಂದೆ ಹೋಯಿತು.

ನಾನು ಬಾಯಿಬಿಟ್ಟಿದ್ದರೂ ಏನೂ ಬದಲಾಗುತ್ತಿರಲಿಲ್ಲ. ಕಾಗದ ಹಿಂದಿನ ದಿನವೇ ಬರೆದಾಗಿತ್ತು, ನನಗಿಂತ ಮೊದಲು ಅಕ್ಕನಿಗೇ ಅದು ಗೊತ್ತಿತ್ತು. ಏನು ಆರಿಸಿದರೂ ಒಂದೇ. ಹೀಗೆ ನಾನೂ ನನಗೆ ಬೇಕಾದಷ್ಟು ಸಲ ಹೇಳಿಕೊಂಡಿದ್ದೇನೆ. ಅಕ್ಕ ಈಗಲೂ ಹಬ್ಬಕ್ಕೆ ಕರೆಯುತ್ತಾಳೆ, ತೊಡೆದೇವು ಕಟ್ಟಿ ಕೊಡುತ್ತಾಳೆ, ಎಲ್ಲ ಸರಿ. ಆದರೆ ಊಟವಾದ ಮೇಲೆ ಎಲ್ಲರ ಮುಂದೆಯೂ ಎಲೆ ಅಡಿಕೆಯ ಕವಳದ ತಟ್ಟೆ ಇಡುವವಳು ನನ್ನ ಮುಂದೆ ಇಡುವುದಿಲ್ಲ. ಹದಿನೈದು ವರ್ಷವಾಯಿತು. ಒಂದು ಮಾತಿಲ್ಲ.

ಹಾಗಾಗಿ ಎರಡು ವರ್ಷದ ಮೇಲೆ ಒಂದು ಝಾಂಬಿ ಆಟ, ಪಟ್ಟಿ ಮುಗಿಯುವವರೆಗೆ ನೀನು ಸುಮ್ಮನಿದ್ದರೆ ಅದೂ ಒಂದು ಉತ್ತರ ಎಂದು ಪರದೆಯ ಮೇಲೆ ತೋರಿಸಿದಾಗ ನನಗೆ ಒಗಟು ಬಾಲಿಶವೋ ಅಲ್ಲವೋ ಎಂದು ನೋಡುವ ಪುರುಸೊತ್ತು ಇರಲಿಲ್ಲ. ಇದನ್ನು ಹತ್ತಕ್ಕೆ ಎಷ್ಟು ಎಂದು ಹೇಳುವುದು?

ಅದೇ ವರ್ಷ ‘ಮಾಸ್ ಎಫೆಕ್ಟ್ 3’ರ ಕೊನೆ ಸರಿಯಿಲ್ಲ, ನಮ್ಮ ಆಯ್ಕೆಗಳಿಗೆಲ್ಲ ಬೆಲೆಯೇ ಸಿಗಲಿಲ್ಲ ಎಂದು ಜನ ಬೊಬ್ಬೆ ಹೊಡೆದರು. ಆ ಆಟದ ಕಂಪನಿ ಬೆದರಿ ಕೊನೆಯನ್ನು ಹಿಗ್ಗಿಸಿ ಮತ್ತೊಮ್ಮೆ ಕೊಟ್ಟಿತು. ಅದೇ ಜನ, ಅದೇ ವರ್ಷ, ಲೀಯ ಕೊನೆಗೆ ಅತ್ತರು. ಅಲ್ಲಿ ಆಡುವವರಿಗೆ ಉಳಿಯುವುದು ಒಂದೇ ಆಯ್ಕೆ. ಕಚ್ಚಿಸಿಕೊಂಡ ಲೀಯನ್ನು ಆ ಮಗು ತಾನೇ ಗುಂಡು ಹಾರಿಸಿ ಮುಗಿಸಬೇಕೋ, ಹಾಗೇ ಬಿಟ್ಟು ಹೋಗಬೇಕೋ. ಲೀ ಎರಡರಲ್ಲೂ ಉಳಿಯುವುದಿಲ್ಲ. ಕೊನೆಯನ್ನು ಬದಲಿಸಿ ಕೊಡಿ ಎಂಬ ಗಲಾಟೆ ಇಲ್ಲಿ ಏಳಲಿಲ್ಲ. ಇದನ್ನು ವಿವರಿಸುವ ವಿಮರ್ಶಕ ಬೇಕು ನನಗೆ. ಎರಡು ದೃಶ್ಯಗಳನ್ನು ಅಕ್ಕಪಕ್ಕ ಇಟ್ಟು ನಗುವುದಕ್ಕೆ ಕತ್ತರಿ ಇದ್ದರೆ ಸಾಕು.

ನಾನು ಏನನ್ನು ಆರಿಸಿದೆ ಎಂದು ಹೇಳುವುದಿಲ್ಲ. ಕೇಳಬೇಡಿ.

ಇಷ್ಟೆಲ್ಲ ಬರೆದು ಒಂದು ಸತ್ಯ ಮುಚ್ಚಿಟ್ಟರೆ ತಪ್ಪಾಗುತ್ತದೆ. ನಾನು ಈ ಆಟವನ್ನು ಎರಡನೇ ಸಲ ಆಡಿಲ್ಲ. ಡಗ್ ಎಂಥವನು ಎಂದು ನನಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಎರಡು ಸಲ ಶುರು ಮಾಡಿದ್ದುಂಟು. ಪೊಲೀಸ್ ಕಾರು ಹೊರಡುತ್ತಿದ್ದಂತೆ ಮುಚ್ಚಿಬಿಟ್ಟೆ. ಇನ್ನೊಂದು ಉತ್ತರ ಆರಿಸಿದರೆ ಮೊದಲು ಆರಿಸಿದ್ದು ಸುಳ್ಳಾಗುತ್ತದೆ ಎಂಬ ಹುಚ್ಚು ಹೆದರಿಕೆ.

ಆ ಹಳೆಯ ಲ್ಯಾಪ್‌ಟಾಪ್ ಊರಿನ ಅಟ್ಟದಲ್ಲಿ ಹಾಳೆಕಟ್ಟಿನ ಪಕ್ಕ ಇದೆ. ಕೀಲು ಮುರಿದಿದೆ, ಬ್ಯಾಟರಿ ಸತ್ತಿದೆ, ವೈರು ಚುಚ್ಚಿದರೆ ಈಗಲೂ ಏಳುತ್ತದೆ. ಸತ್ತವರು ಏಳುವ ಕಥೆ ಇರುವುದರಿಂದಲೋ ಏನೋ. ಭಾನುವಾರ ಹೊರಡುವ ಹೊತ್ತಿಗೆ ಅಣ್ಣನ ಮಗ ಅಟ್ಟದ ಏಣಿಯ ಹತ್ತಿರ ನಿಂತು, “ಹಾಗಾದರೆ ಅದರಲ್ಲೇ ಆಡಿ ನೋಡಲೇ, ಚಿಕ್ಕಪ್ಪ?” ಎಂದ. ಬೇಡ ಎಂದೆ. ಮೊನ್ನೆ ಅವನ ಖಾತೆಗೆ ಹೊಸದನ್ನೇ ಕೊಂಡು ಕಳಿಸಿದ್ದೇನೆ. ಐದೂ ಕಂತು. ನನ್ನದನ್ನು ಮುಟ್ಟಬಾರದು ಎಂದು ಅತ್ತಿಗೆಗೂ ಫೋನು ಮಾಡಿ ಹೇಳಿದ್ದಾಗಿದೆ.