ಗಂಟು ಕಟ್ಟಿದ ಸೂರ್ಯ

ನಮ್ಮಲ್ಲಿ ಹಬ್ಬದ ಬೆಳಿಗ್ಗೆ ಹಾಲು ಒಡೆದರೆ ಮನೆಮಂದಿಯ ಮುಖ ಸಪ್ಪಗಾಗುತ್ತದೆ. ಯುರೋಪಿನ ಲಾತ್ವಿಯಾದಲ್ಲಿ ಚೀಸಿಗೆಂದು ಹಾಲು ಒಡೆಯದಿದ್ದರೆ ಹಬ್ಬವೇ ಇಲ್ಲ. ಜೂನ್ 23ರ ಸಂಜೆ ಲೀಗೊ, ಮರುದಿನ ಯಾನಿ. ಹೆಸರಿಗೆ ಸಂತ ಯೋಹಾನನ ಹಬ್ಬ. ಆದರೆ ಬೆಳಗಾಗುವವರೆಗೆ ಉರಿಯುವ ಬೆಂಕಿ, ತಲೆಗೆ ಓಕ್ ಎಲೆಯ ದಂಡೆ, ಸಾಲುಸಾಲಿಗೂ ‘ಲೀಗೊ’ ಎನ್ನುವ ಪಲ್ಲವಿ, ಇವೆಲ್ಲ ಶಿಲುಬೆಗಿಂತ ಹಳೆಯವು. ಇದು ವರ್ಷದ ಅತಿ ಉದ್ದದ ಹಗಲಿನ ಹಬ್ಬ; ರಾಜಧಾನಿ ರೀಗಾದಲ್ಲಿ ಆಗ ಹಗಲು ಹೆಚ್ಚುಕಡಿಮೆ 18 ಗಂಟೆ. ಸೂರ್ಯ ದಕ್ಷಿಣಕ್ಕೆ ಹೊರಳಿ ಎರಡು ದಿನವಾಗಿರುತ್ತದೆ ನಿಜ. ಉತ್ತರಾಯಣ ಶುರುವಾಗಿ ಮೂರು ವಾರ ಕಳೆದ ಮೇಲೆ ಎಳ್ಳುಬೆಲ್ಲ ಬೀರುವ ನಾವು ಅದನ್ನು ಎತ್ತಿ ಆಡುವ ಹಾಗಿಲ್ಲ.

ಹಾಡುತ್ತ ಬಂದವರಿಗೆ ಯಜಮಾನ ಬಿಯರ್ ಕೊಡಬೇಕು, ಯಜಮಾನಿ ಚೀಸ್ ಕೊಡಬೇಕು. ಬಿಯರಿನ ಬಾರ್ಲಿ ಹೋದ ವರ್ಷದ್ದು. ಚೀಸಿಗೆ ಹಾಕುವ ಕ್ಯಾರವೇ ಕಾಳೂ ಹೋದ ವರ್ಷದ್ದೇ. ಹೊಸದು ಬಲಿಯುವುದು ಜುಲೈ ಹೊತ್ತಿಗೆ. ಈ ಹೊತ್ತಿಗೆ ಹೊಸದೆಂದರೆ ಹುಲ್ಲು ಮಾತ್ರ. ಅದನ್ನು ಮೇಯ್ದ ಹಸುಗಳ ಕೆಚ್ಚಲು ತುಂಬಿ, ಹಾಲು ಮನೆಖರ್ಚಿಗೆ ಮಿಕ್ಕು ಉಳಿದಾಗ ಈ ಚೀಸ್ ಹುಟ್ಟುತ್ತದೆ.

ಮೂರು ಲೀಟರ್ ಹಾಲಿಗೆ ಒಂದು ಕಿಲೋ ಬಿಯೆಸ್ಪಿಯೆನ್ಸ್, ಅಂದರೆ ಹುಳಿಬಂದ ಹಾಲನ್ನು ಬಿಸಿಮಾಡಿ ಒಡೆಸಿ ಬಸಿದ ಗಟ್ಟಿ. ಹಾಲು 90 ಡಿಗ್ರಿಗೆ ಬಂದಾಗ ಈ ಗಟ್ಟಿಯನ್ನು ಪುಡಿಮಾಡಿ ಹಾಕಿ, ಉರಿ ತಗ್ಗಿಸಿ, ಹತ್ತು ಹದಿನೈದು ನಿಮಿಷ ಮೆಲ್ಲಗೆ ಕೈಯಾಡಿಸಬೇಕು. ನೀರು ತಿಳಿಯಾಗಿ ಹಸಿರುಹಳದಿ ಬಣ್ಣಕ್ಕೆ ತಿರುಗಿದರೆ ಸರಿ. ಬೆಳ್ಳಗೇ ಉಳಿದರೆ ಕಾವು ಸಾಲದು, ಇಲ್ಲವೇ ಹುಳಿ ಸಾಲದು. ಚೀಸಾಗಬೇಕಾದದ್ದು ನೀರಿನ ಜೊತೆ ಹೋಗುತ್ತಿದೆ ಎಂದೇ ಲೆಕ್ಕ.

ಬಸಿದದ್ದನ್ನು ನೂರು ಗ್ರಾಂ ಬೆಣ್ಣೆ ಕರಗಿಸಿದ ಪಾತ್ರೆಗೆ ಹಾಕಿ, ಕದಡಿದ ಮೂರು ಮೊಟ್ಟೆ, ಎರಡು ಚಮಚ ಉಪ್ಪು, ಒಂದು ದೊಡ್ಡ ಚಮಚ ಕ್ಯಾರವೇ ಸೇರಿಸಿ ಸಣ್ಣ ಉರಿಯಲ್ಲಿ ತಿರುವಬೇಕು. ಕ್ಯಾರವೇ ನೋಡಲು ಜೀರಿಗೆಯಂತೆ. ಹಾಗೆಂದು ಜೀರಿಗೆ ಹಾಕಿದರೆ ಒಗ್ಗರಣೆಯ ವಾಸನೆ ಬಂದು ಕೂರುತ್ತದೆ. ಕಷ್ಟವಿರುವುದೆಲ್ಲ ಈ ಐದಾರು ನಿಮಿಷದಲ್ಲೇ. ಬೇಗ ಇಳಿಸಿದರೆ ನಾಳೆ ಚಾಕು ತಾಗಿದೊಡನೆ ಉದುರುತ್ತದೆ. ಉರಿ ಜೋರಾದರೆ ಮೊಟ್ಟೆ ಬೇರೆಯಾಗಿ ಬೆಂದು ಗಂಟುಗಂಟಾಗುತ್ತದೆ, ಚೀಸ್ ಹಲ್ಲಿಗೆ ರಬ್ಬರು. ಮುದ್ದೆ ಹೊಳಪು ಬಂದು ಪಾತ್ರೆಯ ಅಂಚು ಬಿಟ್ಟಿತೋ, ಇಳಿಸಿಬಿಡಬೇಕು. ರಾಗಿಮುದ್ದೆ ತೊಳಸಿದ ಕೈಗೆ ಈ ಹದವನ್ನು ಬೇರೆ ಹೇಳಿಕೊಡಬೇಕಿಲ್ಲ.

ಬಿಸಿಯಿರುವಾಗಲೇ ಒದ್ದೆ ಬಟ್ಟೆಗೆ ಸುರಿದು ಗಂಟು ಕಟ್ಟಿ, ಮೇಲೆ ಭಾರ ಹೇರಿ, ರಾತ್ರಿಯಿಡೀ ತಂಪಿನಲ್ಲಿಡುತ್ತಾರೆ. ಆರಿದ ಮೇಲೆ ಕಟ್ಟಿದರೆ ಒಳಗೆ ಬಿರುಕು. ಬೆಳಿಗ್ಗೆ ಬಿಚ್ಚಿದರೆ ದುಂಡನೆಯ ಹಳದಿ ಬಿಲ್ಲೆ; ಗಂಟಿದ್ದ ನಡುವಿನಿಂದ ಬಟ್ಟೆಯ ನೆರಿಗೆಗಳು ಸುತ್ತಲೂ ಹರಡಿ ಅಚ್ಚೊತ್ತಿರುತ್ತವೆ, ಮಕ್ಕಳು ಬರೆಯುವ ಸೂರ್ಯನ ಹಾಗೆ. ಹಳೆಯದಾದಷ್ಟೂ ರುಚಿ ಎನ್ನುವ ಜಾತಿಯ ಚೀಸ್ ಅಲ್ಲ ಇದು. ನಾಲ್ಕೈದು ದಿನದಲ್ಲಿ ಮುಗಿಸಬೇಕು. ಹೇಗೂ ರಾತ್ರಿಯೆಲ್ಲ ಬೆಂಕಿಯ ಸುತ್ತ ಎಚ್ಚರವಿದ್ದವರ ಕೈಗೆ ಸಿಕ್ಕರೆ ಅಷ್ಟು ದಿನವೂ ಉಳಿಯುವುದಿಲ್ಲ.