ಬಗನಿ ಮರದ ಬೆಲ್ಲ ನಮಗೆ ಯಾಕೆ ಬೇಡ?

ಬಗನಿ ಮರ ಅಂದ್ರೆ ನಮ್ಮ ಸಕಲೇಶಪುರದ ಕಡೆಯವರಿಗೆ ನೆನಪಾಗುವುದು ಮೂರು: ಆನೆ, ಕಳ್ಳು, ತುರಿಕೆ. ತೆಂಗು, ಅಡಿಕೆಯ ಕುಟುಂಬದ ಮರ ಇದು, ಕರಾವಳಿಯವರು ಬೈನೆ ಅನ್ನುವುದೂ ಇದನ್ನೇ. ಹಣ್ಣಿನ ರಸ ಕೈಗೆ ತಾಗಿದರೆ ಕೆರೆದು ಕೆರೆದು ಸಾಕಾಗುತ್ತದೆ. ಆದರೂ ಪುನುಗು ಬೆಕ್ಕು ಅದನ್ನೇ ತಿಂದು ಬೀಜವನ್ನು ಕಾಡೆಲ್ಲ ಹರಡುತ್ತದೆ.

ನಾನೀಗ ಇರುವುದು ಶ್ರೀಲಂಕಾದ ಕ್ಯಾಂಡಿಯಲ್ಲಿ. ಇದೇ ಮರಕ್ಕೆ ಇಲ್ಲಿ ಕಿತುಲ್ ಅಂತಾರೆ. ಸಿಂಹರಾಜ ಮಳೆಕಾಡಿನ ಸುತ್ತಲ ಹಳ್ಳಿಗಳಲ್ಲಿ ಎಷ್ಟೋ ಮನೆಗಳಿಗೆ ಇದು ಅನ್ನ ಕೊಡುವ ಮರ. ಮರ ಏರಿ, ಹೂಗೊಂಚಲಿನ ತುದಿಯನ್ನು ದಿನಕ್ಕೆರಡು ಸಲ ತೆಳ್ಳಗೆ ಸವರಿ, ಮಡಕೆ ಕಟ್ಟುತ್ತಾರೆ. ರಸ ಹುಳಿಯಾಗದಿರಲಿ ಅಂತ ಮಡಕೆಯೊಳಗೆ ಹಾಲ್ ಮರದ ತೊಗಟೆ ಹಾಕುವ ರೂಢಿ ಹಳೆಯದು. ನಮ್ಮ ಘಟ್ಟದ ಧೂಪದ ಮರದ ಹತ್ತಿರದ ನೆಂಟ ಅದು. ಇಳಿಸಿದ ರಸವನ್ನು ಕಾಯಿಸಿದರೆ ಪಾಕ. ಇನ್ನೂ ಕಾಯಿಸಿದರೆ ಬೆಲ್ಲ. ಎಮ್ಮೆ ಮೊಸರಿನ ಮೇಲೆ ಈ ಕಪ್ಪು ಪಾಕ ಸುರಿದುಕೊಂಡು ತಿನ್ನುವುದು ಇಲ್ಲಿನವರ ಊಟದ ಕೊನೆ. ಸಣ್ಣ ಹೊಗೆಯ ವಾಸನೆ ಇರುತ್ತದೆ, ಸಿಹಿಯ ಹಿಂದೆ ಚೂರು ಒಗರೂ ಇರುತ್ತದೆ. ಏಪ್ರಿಲ್‌ನ ಹೊಸವರ್ಷಕ್ಕೆ ಅಕ್ಕಿಹಿಟ್ಟಿಗೆ ಇದೇ ಪಾಕ ಬೆರೆಸಿ ಕವುಂ ಕರಿಯುತ್ತಾರೆ, ನಮ್ಮ ಕಜ್ಜಾಯದ ಹಾಗೆ.

ಊರಲ್ಲಿ ಏನಾಗಿದೆ? ಕಳ್ಳು ಇಳಿಸುವುದಕ್ಕೆ ಕಾನೂನಿನ ತಡೆ ಇದೆ. ಅದರ ಜೊತೆಗೆ ಸಿಹಿ ರಸ ಇಳಿಸುವ ಕೈಕಸುಬೂ ಹೋಯಿತು. ಹಿಂದೆ ಬಗನಿಯ ಗಟ್ಟಿ ಹೊರಮೈಯಿಂದ ಒನಕೆ ಮಾಡುತ್ತಿದ್ದರು. ಒಳಗಿನ ತಿರುಳು ಬರಗಾಲದಲ್ಲಿ ಹಿಟ್ಟಾಗುತ್ತಿತ್ತು. ಈಗ ತೋಟದಲ್ಲಿ ಬಗನಿ ಕಂಡರೆ "ಕಡಿದು ಹಾಕು ಮಾರಾಯ, ಆನೆ ಬರ್ತದೆ" ಅನ್ನುತ್ತಾರೆ ನಮ್ಮ ದೊಡ್ಡಪ್ಪ. ಅವರ ಭಯ ಸುಳ್ಳಲ್ಲ. ಆನೆಗೆ ಇದರ ಸೊಪ್ಪು, ತಿರುಳು ಅಂದ್ರೆ ಪ್ರಾಣ. ಬೆಳಗ್ಗೆ ನೋಡಿದರೆ ಮರದ ಜೊತೆ ಕಾಫಿ ಗಿಡಗಳೂ ನೆಲ ಕಚ್ಚಿರುತ್ತವೆ.

ಆದರೆ ಈ ಮರದ ಬಾಳನ್ನು ಸ್ವಲ್ಪ ಗಮನಿಸಿ. ಹತ್ತು ಹದಿನೈದು ವರ್ಷ ಸುಮ್ನೆ ಬೆಳೆಯುತ್ತದೆ. ಆಮೇಲೆ ಮೊದಲ ಹೂಗೊಂಚಲು ನೆತ್ತಿಯಲ್ಲಿ ಬರುತ್ತದೆ. ಮುಂದಿನದು ಅದರ ಕೆಳಗೆ, ಅದರ ಮುಂದಿನದು ಇನ್ನೂ ಕೆಳಗೆ. ಹೀಗೆ ಕೆಲವು ವರ್ಷ ಇಳಿದಿಳಿದು ಬುಡದ ಕಡೆ ಬಂದು ಹೂ ಮುಗಿದ ಮೇಲೆ ಮರವೇ ಸಾಯುತ್ತದೆ. ಅಷ್ಟೂ ವರ್ಷ ರಸ ಕೊಡಬಲ್ಲ ಮರವನ್ನು ಹೂ ಬಿಡುವ ಮೊದಲೇ ಉರುಳಿಸುವುದು ನಷ್ಟ ಅಲ್ವಾ? ನನಗಂತೂ ಹೊಟ್ಟೆ ಉರಿಯುತ್ತದೆ.

ತೆಂಗಿನ ನೀರಾಕ್ಕೆ, ಅಂದ್ರೆ ಹುಳಿಯಾಗಿ ಕಳ್ಳಾಗುವ ಮೊದಲಿನ ಸಿಹಿ ರಸಕ್ಕೆ, ನಮ್ಮ ರಾಜ್ಯದಲ್ಲಿ ಅನುಮತಿ ಇದೆ. ಅದೇ ದಾರಿಯಲ್ಲಿ ಬಗನಿ ನೀರಾಕ್ಕೂ ಕೊಡಲಿ, ಬೆಲ್ಲಕ್ಕೆ ಮಾತ್ರ ಅಂತ ಕಟ್ಟು ಹಾಕಿಯೇ ಕೊಡಲಿ. ಮರ ಏರುವ ಹುಡುಗರಿಗೆ ಕ್ಯಾಂಡಿ ಕಡೆಯ ಕಸುಬುದಾರರಿಂದ ಕಲಿಸಬಹುದು. ತೋಟದ ನಡುವೆ ಹೊಸದಾಗಿ ನೆಡಿ ಅಂತ ನಾನು ಹೇಳುವುದಿಲ್ಲ, ಈಗಿರುವ ಮರಗಳಿಗೇ ಬೆಲೆ ಬರಲಿ. ಹೊಸ ಸಸಿಗಳನ್ನು ನಮ್ಮ ಸಕಲೇಶಪುರ ಕಡೆಯ ಬಿಸಿಲೆ ಕಾಡಿನ ಒಳಭಾಗದಲ್ಲಿ, ಊರಿಂದ ದೂರ ಹಾಕಬೇಕು. ಅವು ಪೂರ್ತಿ ಆನೆಗೇ ಇರಲಿ.